ಕುಡಿಯದವಳ ಚಟ

ಕತ್ತರಿಯಣ್ಣನ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಬೀಡಿ ಸಿಗರೇಟು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅದಕ್ಕೇ ಮನೆಯೊಳಗೆ ನಡೆಯುತ್ತಿರುವುದು ಏನು ಎಂದು ಅವನಿಗೆ ತಿಂಗಳುಗಟ್ಟಲೆ ಹೊಳೆಯಲೇ ಇಲ್ಲ.

ಬೀದಿಯ ಮೂಲೆಯಲ್ಲಿ ಅವನದೊಂದು ಕಟಿಂಗ್ ಶಾಪು. ಎರಡು ಕುರ್ಚಿ, ಒಂದು ಉದ್ದನೆಯ ಕನ್ನಡಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕೆಲಸ ಬಲು ಅಚ್ಚುಕಟ್ಟು. ಬೆನ್ನಿನ ಆಪರೇಷನ್ ಆದ ಮೇಲೆ ಡಾಕ್ಟರು ನೋವಿಗೆಂದು ಮಾತ್ರೆ ಬರೆದುಕೊಟ್ಟಿದ್ದರು. ನೋವು ಹೋಯಿತು, ಮಾತ್ರೆ ಮಾತ್ರ ನಿಲ್ಲಲಿಲ್ಲ.

ಹಾಡಹಗಲೇ ಮೆಷಿನ್ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಒಮ್ಮೆ ಒಂದೇ ಅಂಗಿಗೆ ಎರಡೂ ಎಡತೋಳನ್ನೇ ಇಟ್ಟು ಹೊಲಿದಳು. ಕೇಳಿದರೆ ಸಿಡುಕುತ್ತಿದ್ದಳು, ಆಮೇಲೆ ಅಳುತ್ತಿದ್ದಳು, ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ನಗುತ್ತಿದ್ದಳು. ಯಾವುದನ್ನು ನಂಬುವುದು ಎಂದು ಅವನಿಗೆ ತಿಳಿಯದು. ಮಾತ್ರೆ ತರಲು ಅವನನ್ನೇ ಕಳಿಸುತ್ತಿದ್ದಳು, ಒಂದೊಂದು ಸಲ ಒಂದೊಂದು ಮೆಡಿಕಲ್ ಶಾಪಿಗೆ. ಅಲ್ಲಿ ಸ್ಟಾಕ್ ಇರಲ್ಲ, ಇಲ್ಲಿ ಹಳೇ ಮಾಲು ಕೊಡ್ತಾರೆ ಎಂದೆಲ್ಲ ಕಾರಣ ಹೇಳುತ್ತಿದ್ದಳು. ಅವನು ತಲೆಯಾಡಿಸಿ ಹೋಗಿಬರುತ್ತಿದ್ದ.

ಒಂದು ದಿನ ಅಂಗಡಿಯವನು ಚೀಟಿಯಿಲ್ಲದೆ ಕೊಡಲಾಗದು ಎಂದ. ಅಷ್ಟೇ ಅಲ್ಲ, "ನಿಮ್ಮ ಮನೆಯವರು ಬೆಳಗ್ಗೆ ತಾನೇ ಬಂದು ಗೋಗರೆದು ಹೋದ್ರಲ್ಲ, ನಿಮಗೆ ಗೊತ್ತಿಲ್ವಾ?" ಎಂದು ಕೇಳಿದ. ಕತ್ತರಿಯಣ್ಣ ಬರಿಗೈಯಲ್ಲೇ ಮನೆಯ ಕಡೆ ತಿರುಗಿದ.

ಮನೆಗೆ ಬಂದು ಕೇಳಿದಾಗ ಹೆಂಡತಿ ಮುಚ್ಚಿಡಲಿಲ್ಲ. ಬಿಡಲು ಎಷ್ಟೋ ಸಲ ನೋಡಿದ್ದಳಂತೆ. ಬಿಟ್ಟರೆ ಮೈಯೆಲ್ಲ ಮುರಿದು ಹಾಕಿದಂತೆ ನೋವು, ಬೆವರು, ನಡುಕ. ಮತ್ತೆ ನುಂಗಿದರೆ ಸರಿಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಇದನ್ನು ಒಪ್ಪಲಿಲ್ಲ. "ಔಷಧಿ ತಗೊಳೋದು ಚಟ ಹೇಗಾಗುತ್ತೋ? ಇವಳೇನು ಕುಡಿದು ಬೀದೀಲಿ ಬಿದ್ದಿದಾಳಾ?" ಎಂದರು. ಅವನಿಗೂ ಹಾಗೇ ಅನ್ನಿಸಿತು. ಆದರೆ ಹೆಂಡತಿಯ ಮುಖ ನೋಡಿದರೆ ಹಾಗನ್ನಿಸಲಿಲ್ಲ.

ಕೊನೆಗೆ ಅವನು ತನಗೆ ತೋಚಿದ್ದನ್ನು ಮಾಡಿದ. ಮನೆಯಲ್ಲಿದ್ದ ಮಾತ್ರೆಯನ್ನೆಲ್ಲ ಮೋರಿಗೆ ಸುರಿದ. ಮರುದಿನ ಹೆಂಡತಿ ವಾಂತಿ ಮಾಡಿಕೊಂಡು, ಗಡಗಡ ನಡುಗುತ್ತ, ಎದ್ದು ನಿಲ್ಲಲಾರದೆ ಹೋದಳು. ಹತ್ತಿರದ ಕ್ಲಿನಿಕ್ಕಿಗೆ ಹೊತ್ತೊಯ್ದ. ಅಲ್ಲಿನ ಡಾಕ್ಟರಮ್ಮ ಅವಳಿಗೆ ಚಿಕಿತ್ಸೆ ಕೊಟ್ಟು, ಅವನನ್ನು ಚೆನ್ನಾಗಿ ಬೈದರು. ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ ಕಣ್ಗಾವಲಿನಲ್ಲಿ ಇಳಿಸುತ್ತ ಬರಬೇಕು, ವ್ಯಸನಮುಕ್ತಿ ಚಿಕಿತ್ಸೆ ಕೊಡುವ ಕಡೆ ಕರೆದುಕೊಂಡು ಹೋಗಿ ಎಂದರು.

ಎಲ್ಲಿಗೆ? ಊರೋ ಸಮುದ್ರದಂಥದ್ದು. ಹೆಂಡತಿಯ ಹೆಸರೆತ್ತದೆ, ಯಾರೋ ನೆಂಟರಿಗೆ ಎಂದು ಅವನು ಗಿರಾಕಿಗಳನ್ನು ವಿಚಾರಿಸಿದ. ಕಟಿಂಗ್ ಶಾಪಿನಲ್ಲಿ ಸಲಹೆಗೆ ಬರವೇ? ಮುಖಕ್ಕೆ ನೊರೆ ಹಚ್ಚಿಸಿಕೊಂಡವನು ಒಂದು ಹೇಳಿದರೆ, ಪಕ್ಕದ ಕುರ್ಚಿಯವನು ಅದನ್ನು ಅಲ್ಲಗಳೆಯುತ್ತಿದ್ದ. ಯಾರಿಗೂ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿ ಸಿಗುತ್ತದೆ ಎಂದ ಒಬ್ಬ. ಎಲ್ಲ ಮನಸ್ಸಿನ ದೌರ್ಬಲ್ಯ, ನಾಲ್ಕು ಬಿಗಿದರೆ ಸರಿಹೋಗುತ್ತದೆ ಎಂದ ಇನ್ನೊಬ್ಬ.

ಊರಾಚೆಯ ಒಂದು ಕೇಂದ್ರಕ್ಕೆ ಅವನೇ ಹೋಗಿಬಂದ. ಎತ್ತರದ ಗೋಡೆ, ಬೀಗ ಹಾಕಿದ ಗೇಟು. ಒಳಗಿದ್ದವನು ನೂರಕ್ಕೆ ನೂರು ಗ್ಯಾರಂಟಿ ಎಂದ. ಡಾಕ್ಟರು ಯಾರು ಎಂದರೆ ಮಾತು ತಿರುಗಿಸಿದ. ಸೇರಿಸಿದ ಮೇಲೆ ಬಂದು ನೋಡಬಹುದೇ ಎಂದರೆ ತಿಂಗಳುಗಟ್ಟಲೆ ಯಾರನ್ನೂ ಬಿಡುವುದಿಲ್ಲ ಎಂದ. ಇನ್ನೊಂದು ಕಡೆ ಹೆಂಗಸರನ್ನು ಸೇರಿಸಿಕೊಳ್ಳುವುದೇ ಇಲ್ಲ ಎಂದರು. ಹೋದಷ್ಟೂ ಅವನ ತಲೆ ಗೋಜಲಾಯಿತು. ಒಬ್ಬ ಗಿರಾಕಿಯ ಮೀಸೆ ಒಂದು ಕಡೆ ಗಿಡ್ಡವಾಗಿಯೇ ಹೋಯಿತು.

ಆ ಮೀಸೆ ಸ್ಕೂಲ್ ವ್ಯಾನಿನ ಡ್ರೈವರನದು. ಹಳೆಯ ಗಿರಾಕಿ, ವಯಸ್ಸಿನಲ್ಲಿ ದೊಡ್ಡವನು. ಕನ್ನಡಿಯಲ್ಲಿ ಮೀಸೆ ನೋಡಿಕೊಂಡು, ಪೂರ್ತಿ ತೆಗೆದುಬಿಡು ಎಂದ. ಉಳಿದವರೆಲ್ಲ ಹೋದ ಮೇಲೆ ಮೆಲ್ಲಗೆ, ನೆಂಟರಿಗೋ ನಿನ್ನ ಮನೆಯವರಿಗೋ ಎಂದು ಕೇಳಿದ. ಕತ್ತರಿಯಣ್ಣ ಕೈಯಲ್ಲಿದ್ದ ಟವೆಲು ಹಿಂಡುತ್ತ ಎಲ್ಲವನ್ನೂ ಹೇಳಿಕೊಂಡ.

ಡ್ರೈವರ್ ಒಂದು ಕಾಲಕ್ಕೆ ವಿಪರೀತ ಕುಡಿಯುತ್ತಿದ್ದ, ಈಗ ಮುಟ್ಟುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. "ಗಟ್ಟಿ ಮನಸು ಮಾಡಿ ಬಿಟ್ಟ ಅಂತ ಎಲ್ರೂ ಹೊಗಳ್ತಾರೆ. ಒಬ್ಬನೇ ಬಿಟ್ಟಿದ್ದಲ್ಲ ಕಣಪ್ಪ. ಡಾಕ್ಟರು ಔಷಧಿ ಕೊಟ್ರು. ನನ್ನ ಹಾಗೇ ಕುಡಿದು ಬಿಟ್ಟವನೊಬ್ಬ ಜೊತೇಲಿ ನಿಂತ. ಇಬ್ರೂ ಬೇಕಾಯ್ತು," ಎಂದ.

ದೊಡ್ಡ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೇ ಆ ಚಿಕಿತ್ಸೆ ಇದೆ ಎಂದು ಅವನು ತಿಳಿಸಿದ. ಮೊದಲು ಫೋನ್ ಮಾಡಿ, ಹೆಂಗಸರಿಗೆ ವ್ಯವಸ್ಥೆ ಇದೆಯೇ, ಚಟದಿಂದ ಹೊರಬಂದವರು ಒಡನಾಡಿಗಳಾಗಿ ಇದ್ದಾರೆಯೇ ಎಂದು ಕೇಳು ಎಂದ. ಇಬ್ಬರೂ ಅಲ್ಲೇ ಕೂತು ಫೋನ್ ಮಾಡಿದರು. ಎರಡೂ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೆಂಡತಿಯ ಹತ್ತಿರ ಬಹಳ ಹೊತ್ತು ಮಾತಾಡಿದರು. ನಂತರ ಒಬ್ಬ ಹೆಂಗಸು ಬಂದು ಬೆಂಚಿನ ಮೇಲೆ ಅವಳ ಪಕ್ಕ ಕೂತರು. "ನಾನು ಡಾಕ್ಟರಲ್ಲ. ಔಷಧಿ ವಿಚಾರ ಅವರನ್ನೇ ಕೇಳಬೇಕು. ನಾನೂ ಇದೇ ಬೆಂಚಲ್ಲಿ ನಡುಗ್ತಾ ಕೂತಿದ್ದವಳು," ಎಂದರು. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರಂತೆ. ಮಾತ್ರೆಯಿಂದ ಹೊರಬಂದ ಮೇಲೆ ತರಬೇತಿ ಪಡೆದು ಒಡನಾಡಿಯಾಗಿದ್ದರು. ಆಮೇಲೆ ಸುಮ್ಮನೆ ಕೇಳಿದರು, "ಎಲ್ಲಿ ಬಚ್ಚಿಡ್ತಿದ್ರಿ?"

ಹೆಂಡತಿ ತಲೆ ತಗ್ಗಿಸಿ, ಗುಂಡಿ ಡಬ್ಬಿಯಲ್ಲಿ ಎಂದಳು. ಒಡನಾಡಿ, ನಾನು ಮೈದಾ ಮೂಟೆಯಲ್ಲಿ ಎಂದರು. ಇಬ್ಬರೂ ನಕ್ಕರು. ಹೆಂಡತಿ ನಗುತ್ತಲೇ ಅತ್ತಳು, ಮಾತಾಡುತ್ತಲೇ ಹೋದಳು. ಎದುರಿಗೆ ನಿಂತಿದ್ದ ಕತ್ತರಿಯಣ್ಣನಿಗೆ ಏನೂ ಅರ್ಥವಾಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ತನಗೆ ಹೇಳದ್ದನ್ನು ಇವಳು ಗುರುತು ಪರಿಚಯವಿಲ್ಲದವರಿಗೆ ಹೇಳುತ್ತಿದ್ದಾಳಲ್ಲ ಎಂದು ಬೇಸರವಾಯಿತು. ಜೊತೆಗೆ, ಸದ್ಯ ಯಾರಿಗಾದರೂ ಹೇಳಿದಳಲ್ಲ ಎಂಬ ಸಮಾಧಾನವೂ ಆಯಿತು.

ಕೆಲವು ದಿನ ವಾರ್ಡಿನಲ್ಲಿ ಇರಬೇಕಾಯಿತು. ಡಾಕ್ಟರು ಹಂತಹಂತವಾಗಿ ಮಾತ್ರೆ ಇಳಿಸಿದರು, ಬೆನ್ನುನೋವು ಮರಳದಂತೆ ವ್ಯಾಯಾಮ ಕಲಿಸಿದರು. ಮನೆಗೆ ಬಂದ ಮೇಲೂ ವಾರಕ್ಕೊಮ್ಮೆ ಹೆಂಗಸರ ಗುಂಪಿಗೆ ಹೋಗುತ್ತಿದ್ದಳು. ಒಡನಾಡಿ ಆಗಾಗ ಫೋನ್ ಮಾಡುತ್ತಿದ್ದರು. ಹೊಲಿಗೆ ಮತ್ತೆ ಶುರುವಾಯಿತು.

ಅಷ್ಟರಲ್ಲಿ ಒಂದು ದಿನ ದಿಂಬಿನ ಕೆಳಗೆ ಅದೇ ಹಳೇ ಮಾತ್ರೆ ಸಿಕ್ಕಿತು. ಕತ್ತರಿಯಣ್ಣನಿಗೆ ಎಲ್ಲ ನೀರಲ್ಲಿ ಹೋಮವಾಯಿತು ಅನ್ನಿಸಿತು. ಅವನ ತಾಯಿ, ಇಷ್ಟೆಲ್ಲ ಓಡಾಡಿ ಏನು ಬಂತು ಎಂದರು. ಅವನು ಬಾಯಿಗೆ ಬಂದದ್ದನ್ನು ಅನ್ನುವ ಮೊದಲೇ ಹೆಂಡತಿ ಎಂದಳು, "ಒಂದು ನುಂಗಿದೀನಿ ರೀ. ನಮ್ಮ ಒಡನಾಡಿಗೆ ಫೋನ್ ಮಾಡಿ ಹೇಳಿದೀನಿ. ನಾಳೆ ಡಾಕ್ಟರ ಹತ್ರ ಹೋಗ್ಬೇಕು. ನೀವೂ ಬನ್ನಿ."

ಮುಚ್ಚಿಡುತ್ತಿದ್ದವಳು ಈಗ ತಾನಾಗಿಯೇ ಹೇಳಿದ್ದಳು. ಮರುದಿನ ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತವರು ಅತ್ತೆಯೇ.

ಬಿಟ್ಟದ್ದಕ್ಕೆ ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಆಗುವಂಥದ್ದೇ, ಚಿಕಿತ್ಸೆ ಬಿಡಬಾರದು ಅಷ್ಟೇ ಎಂದು ಡಾಕ್ಟರು ಔಷಧಿ ಬದಲಿಸಿಕೊಟ್ಟರು. ಮನೆಯವರಿಗೂ ಅಲ್ಲೊಂದು ಗುಂಪಿತ್ತು. ಕತ್ತರಿಯಣ್ಣ ಅದರಲ್ಲಿ ಕೂತು ಮೊದಲ ಸಲ ಬಾಯಿಬಿಟ್ಟ. "ನನಗೆ ಇನ್ನೂ ಪೂರ್ತಿ ಅರ್ಥ ಆಗಿಲ್ಲ," ಎಂದ. ಸುತ್ತ ಕೂತವರೆಲ್ಲ ನಮಗೂ ಅಷ್ಟೇ ಎಂಬಂತೆ ತಲೆಯಾಡಿಸಿದರು. ಹೆಂಡತಿ ಈಗ ಮಾತ್ರೆಯಿಲ್ಲದೆ ಇದ್ದಾಳೆ. ಗುಂಪಿಗೆ ಹೋಗುವುದನ್ನು ನಿಲ್ಲಿಸಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದೆಯೇ? ಹೆಂಡವೇ ಆಗಲಿ, ಮಾತ್ರೆಯೇ ಆಗಲಿ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬಲವಂತವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಕದ್ದು ಊಟದಲ್ಲಿ ಏನನ್ನೂ ಬೆರೆಸಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ವಿಚಾರಿಸಿ. ಸೇರಿಸುವ ಮೊದಲು ಧೈರ್ಯವಾಗಿ ಕೇಳಿ: ಡಾಕ್ಟರು ಇದ್ದಾರೆಯೇ? ನಾವು ಬಂದು ನೋಡಬಹುದೇ? ಈ ದಾರಿಯಲ್ಲೇ ನಡೆದು ಬಂದ ಒಡನಾಡಿ ಸಿಗುತ್ತಾರೆಯೇ? ಮನೆಗೆ ಹೋದ ಮೇಲೂ ಜೊತೆಗಿರುತ್ತೀರಾ? ಬೀಗ ಮತ್ತು ಗ್ಯಾರಂಟಿ ಎರಡನ್ನೇ ತೋರಿಸುವವರಿಂದ ದೂರವಿರಿ.

ತಲೆ ಗೊಂದಲವಾಗಿದ್ದರೆ ಆಗಿರಲಿ. ಎಲ್ಲ ಅರ್ಥವಾದ ಮೇಲೆ ಹೊರಡೋಣ ಎಂದು ಮಾತ್ರ ಕಾಯಬೇಡಿ. ಇವತ್ತೇ ಒಂದು ಫೋನ್ ಮಾಡಿ.