ಸೀಟಿನ ಕೆಳಗಿನ ತಗಡು

ಕೆ.ಆರ್.ಎಸ್. ಹತ್ತಿರದ ರೆಸಾರ್ಟೊಂದರಲ್ಲಿ ಚಲುವಯ್ಯ ಹುಲ್ಲು ಕತ್ತರಿಸುವ ಗಾಡಿಯ ಡ್ರೈವರ್. ಮಂಡಿ ಸವೆದ ಮೇಲೆ ಕೂತು ಮಾಡುವ ಕೆಲಸ ಅವನಿಗೆ ಅದೊಂದೇ ಉಳಿದಿತ್ತು. ಈಗ ಗಾಡಿಯ ಗೇರ್‌ಬಾಕ್ಸೇ ಪುಡಿಯಾಗಿತ್ತು. ಈ ವಾರ ರಿಪೇರಿಯಾಗದಿದ್ದರೆ ಗುಜರಿಗೆ ಹಾಕುತ್ತೇನೆಂದು ಮ್ಯಾನೇಜರು ಹೇಳಿಬಿಟ್ಟಿದ್ದರು.

ಪಾಂಡವಪುರದ ಮೆಕ್ಯಾನಿಕ್ ಕೆಂಪರಾಜು ಬಂದು ಗಾಡಿಯನ್ನು ಒಂದು ಸುತ್ತು ನೋಡಿದ.

“ಮಾಡಲ್ ನಂಬರ್ ಇಲ್ದೆ ಪಾರ್ಟ್ ಸಿಕ್ಕಾಕಿಲ್ಲ ಕಣಣ್ಣ. ಸೀಟ್ ಕೆಳ್ಗೆ ತಗಡಲ್ಲಿ ಇರ್ತದೆ, ಎತ್ತು.”

ಎತ್ತಿದರೆ ತಗಡೇನೋ ಇತ್ತು, ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಪ್ರತಿ ಆಯುಧಪೂಜೆಗೂ ಚಲುವಯ್ಯ ಅದನ್ನು ಉಪ್ಪುಕಾಗದದಿಂದ ತಿಕ್ಕಿ, ಕನ್ನಡಿಯಂತೆ ಹೊಳೆಸಿ, ಅರಿಶಿನ ಕುಂಕುಮ ಇಡುತ್ತಿದ್ದ.

“ಮದ್ವೆ ಹೆಣ್ಗೂ ಯಾರೂ ಇಂಗೆ ಉಜ್ಜಾಕಿಲ್ವಲ್ಲಣ್ಣ.”

“ಅನ್ನ ಕೊಡೋ ಗಾಡಿ ಕಣ್ಲಾ. ಕೊಳೆ ಇಟ್ಕಂಡು ಪೂಜೆ ಮಾಡ್ಲಾ?”

ಕೆಂಪರಾಜು ಗಾಡಿಯ ಫೋಟೊ ತೆಗೆದು ಬೆಂಗಳೂರಿನ ಅಂಗಡಿಗೆ ಕಳಿಸಿ, ಫೋನ್ ಮಾಡಿದ. ಫೋನಿಟ್ಟ ಮೇಲೆ ಅವನ ದನಿ ಇಳಿದಿತ್ತು.

“ನೋಡಾಕೆ ಇಂಗೇ ಇರೋವು ಮೂರು ತರ ಅವಂತೆ. ಒಂದರದ್ದು ಇನ್ನೊಂದಕ್ಕೆ ಕೂರಾಕಿಲ್ವಂತೆ. ಯಾವ್ದು ಅಂತ ಹೇಳ್ಲಣ್ಣ?”

ಚಲುವಯ್ಯನಿಗೆ ಗಾಡಿಯ ಕೆಮ್ಮು, ನಡುಕ ಎಲ್ಲ ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಗುಜರಿಯ ಟೆಂಪೊ ಬಂತು. ಹಲಗೆಯ ಮೇಲಿಂದ ಗಾಡಿಯನ್ನು ಟೆಂಪೊಗೆ ಹತ್ತಿಸುವಾಗ ಯಾರಾದರೂ ಸ್ಟೇರಿಂಗ್ ಹಿಡಿಯಬೇಕಿತ್ತು. ಚಲುವಯ್ಯನೇ ಹತ್ತಿ ಕೂತ; ಉಳಿದವರು ಹಿಂದಿನಿಂದ ತಳ್ಳಿದರು.