ಬಾಯಿಗೆ ಹಾಕಿದ ಅಕ್ಕಿ

ಚಿಕ್ಕಮಾದಮ್ಮ ಗಂಡನ ತುಟಿಗಳ ನಡುವೆ ನಾಲ್ಕು ಕಾಳು ಅಕ್ಕಿ ಇಟ್ಟು ಕೈ ಹಿಂದೆಗೆಯುವಷ್ಟರಲ್ಲಿ ಮನೆಯಲ್ಲಿ ಸಾಕಿದ್ದ ಕಾಕಟೀಲ್ ಗಿಳಿ ಹಾರಿಬಂದು ಹೆಣದ ಎದೆಯ ಮೇಲೆ ಕೂತಿತು. ಹಳದಿ ಜುಟ್ಟು ನಿಮಿರಿಸಿ, ಹೂವಿನ ಹಾರದ ಮೇಲೆ ಹೆಜ್ಜೆಯಿಟ್ಟು, ಕತ್ತು ಚಾಚಿ, ಆ ತುಟಿಯಿಂದ ಒಂದು ಕಾಳು ಎತ್ತಿಕೊಂಡಿತು.

ಅಳು ನಿಂತಿತು. ತಮಟೆಯೂ ನಿಂತಿತು.

"ಯಾರ್ಲಾ ಪಂಜ್ರ ತಗ್ದೋರು?" ಎಂದ ದೊಡ್ಡಸಿದ್ದಯ್ಯ. ಸತ್ತ ಶಿವಯ್ಯನ ಜೊತೆ ಶಿವನಸಮುದ್ರದ ಪವರ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದವನು ಅವನು.

"ನಾನೆಯಾ," ಎಂದಳು ಶಿವಯ್ಯನ ಅಕ್ಕ ಅಂಕಮ್ಮ. "ಜೀವ ಓದ ಮನೇಲಿ ಇನ್ನೊಂದು ಜೀವ ಕೂಡಾಕ್ಬಾರ್ದು ಕಣಪ್ಪ. ಆರೋಗ್ಲಿ ಅಂತ ಬುಟ್ಟೆ."

"ಅದು ಕಾಡ್ಗಿಳಿ ಅಲ್ಲ ಕಣಕ್ಕ. ಆಚೆ ಓಗಿ ಏನ್ ತಿಂದಾತು? ಕಾಗೆಗಳು ಕುಕ್ಕಾಕ್ತವೆ."

ಪಂಜರದಲ್ಲಿದ್ದ ಎರಡು ಹಕ್ಕಿಗಳಲ್ಲಿ ಒಂದು ಆಗಲೇ ಕರೆಂಟು ತಂತಿಯಾಚೆ ಮರೆಯಾಗಿತ್ತು. ಬೆಳಿಗ್ಗೆ ಶಿವಯ್ಯ ಬಚ್ಚಲಲ್ಲಿ ಕುಸಿದಾಗಿನಿಂದ ಅವಕ್ಕೆ ಯಾರೂ ಕಾಳು ಹಾಕಿರಲಿಲ್ಲ. ಮಗಳು ಸೌಮ್ಯ ಉಳಿದದ್ದನ್ನು ಎರಡು ಅಂಗೈಗಳಲ್ಲಿ ಮುಚ್ಚಿ ಒಳಗೆ ಒಯ್ದಳು. ಚಿಕ್ಕಮಾದಮ್ಮನ ಕೈ ಗಾಳಿಯಲ್ಲಿ ಹಾಗೇ ಇತ್ತು.

*

ಶಿವಯ್ಯ ನಿವೃತ್ತನಾಗಿ ಮಳವಳ್ಳಿಗೆ ಬಂದ ವರ್ಷ ಸೌಮ್ಯ ಆ ಮರಿಗಳನ್ನು ತಂದುಕೊಟ್ಟಿದ್ದಳು. ಪಳಗಿದ ಮೇಲೆ ಅವು ಅವನ ತುಟಿಯಿಂದಲೇ ನವಣೆ ತಿನ್ನುತ್ತಿದ್ದವು. ಒಗ್ಗಿಸುವ ಕೆಲಸ ಮುಗಿದ ಮೇಲೂ ಅವನು ದಿನಾ ಸಂಜೆ ಎರಡು ಗಂಟೆ ಹೊತ್ತು ಪಂಜರದೊಳಗೆ ಕೈಯಿಟ್ಟು ಕೂರುತ್ತಿದ್ದ. ಮಾತಿಲ್ಲ.

"ಮಿಸೀನು ಸದ್ದಲ್ಲಿ ಮಾತಾಡಕಾಗಕಿಲ್ಲ ಅಂತಿದ್ದೆ. ಈಗ ಯಾವ ಮಿಸೀನು?" ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಮುದ್ದೆ ತೊಳಸುತ್ತಾ ಚಿಕ್ಕಮಾದಮ್ಮ ಕೇಳುತ್ತಿದ್ದಳು. "ನಂಗೂ ಒಂದು ಜುಟ್ಟಿದ್ದಿದ್ರೆ ನೋಡ್ತಿದ್ಯೇನೋ."

ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ಆ ಹಕ್ಕಿಗಳಿಗೆ ಕಾಳು ಹಾಕಲಿಲ್ಲ.

*

ಗಂಡಸರು ಹೆಣ ಹೊತ್ತು ಹೋದರು. ಹೆಂಗಸರು ಮನೆ ತೊಳೆಯತೊಡಗಿದರು. ಪಂಜರದಲ್ಲಿ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಮೂಲೆ ಸೇರಿತ್ತು. ಬಟ್ಟಲ ನವಣೆಯನ್ನು ಮುಟ್ಟಿರಲಿಲ್ಲ.

"ನನ್ ಕೈಲೂ ತಿಂತಿಲ್ಲ ಕಣವ್ವ," ಎಂದಳು ಸೌಮ್ಯ. "ತಿಥಿ ಮುಗುದ್ಮೇಲೆ ನಾನು ಒಂಟೋಯ್ತೀನಿ. ನಿಂಗೆ ಒಗ್ಗದಿದ್ರೆ ಇದು ಉಳಿಯಕಿಲ್ಲ."

"ಸಾಯ್ಲಿ ಬುಡು. ಇದುನ್ನೇ ತಾನೆ ನಿಮ್ಮಪ್ಪ ನನ್ಗಿಂತ ಎಚ್ಚಾಗಿ ನೋಡ್ಕಂಡಿದ್ದು."

ಆದರೆ ಅವಳ ಕಣ್ಣು ಪಂಜರದ ಮೇಲೇ ಇತ್ತು. ಆ ಕೊಕ್ಕು ಆ ತುಟಿಯನ್ನು ಎಲ್ಲರಿಗಿಂತ ಕೊನೆಯದಾಗಿ ಮುಟ್ಟಿತ್ತು.

"ಎಂಗೆ ಮಾಡ್ಬೇಕು?" ಎಂದಳು.

"ಅಪ್ಪ ಕೂರ್ತಿದ್ದಲ್ಲೇ ಕೂತ್ಕೊ. ಕಾಳಿಟ್ಕೊಂಡು ಕೈ ಒಳಗಿಡು. ಅದನ್ನ ಮಾತ್ರ ನೋಡ್ಬ್ಯಾಡ, ಎದ್ರುಕತದೆ. ಅಪ್ಪ ಕೂತಾಗೆಲ್ಲ ಮಕ ಆ ಕಡೀಕೇ ತಿರುಗ್ಸಿರ್ತಿತ್ತು."

ಚಿಕ್ಕಮಾದಮ್ಮ ಕೂತಳು. ಅಂಗೈ ತೆರೆದು ಒಳಗಿಟ್ಟಳು. ಮುಖವನ್ನು ಗಂಡನಂತೆಯೇ ಆಚೆ ತಿರುಗಿಸಿದಳು.

ಎದುರಿಗೆ ಅಡುಗೆಮನೆಯ ಬಾಗಿಲು. ಅದರೊಳಗೆ ಕಾಣುತ್ತಿದ್ದುದು ಒಲೆಯೊಂದೇ, ಮತ್ತು ಅದರ ಮುಂದೆ, ಕೆಂಪು ನೆಲದಲ್ಲಿ, ಅವಳು ನಿಂತು ನಿಂತು ಬಣ್ಣ ಸವೆದ ಎರಡು ಪಾದದಷ್ಟು ಜಾಗ.

ಅಂಗೈಗೆ ಕೊಕ್ಕು ತಾಗಿತು. ಅವಳು ತಿರುಗಲಿಲ್ಲ.