ಸುಣ್ಣ ಬಳಿದ ಒಂಬತ್ತು ಕಲ್ಲುಗಳು

ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೊರಟ ಬಸ್ಸು ನಮ್ಮೂರು ಇನ್ನೂ ಅರ್ಧ ಮೈಲಿ ಇರುವಾಗ ವೇಗ ಕಡಿಮೆ ಮಾಡುತ್ತದೆ. ಅಲ್ಲಿಯವರೆಗೆ ದಾರ ಹಿಡಿದಂತೆ ನೆಟ್ಟಗೆ ಬಂದ ರಸ್ತೆ ಯಾವ ಕಾರಣವೂ ಕಾಣದೆ ಎಡಕ್ಕೆ ಹೊರಳಿ, ಒಂದು ಹುಣಸೆ ತೋಪನ್ನು ಸುತ್ತು ಹಾಕಿ, ಮತ್ತೆ ಬಲಕ್ಕೆ ಬಂದು ತನ್ನ ದಾರಿ ಹಿಡಿಯುತ್ತದೆ. ಅಲ್ಲಿ ಹಳ್ಳವಿಲ್ಲ, ಗುಡ್ಡವಿಲ್ಲ, ಬಂಡೆಯಿಲ್ಲ. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಿಂದ ಕಿಟಕಿಯಾಚೆ ಹತ್ತು ಪೈಸೆ ಎಸೆಯುತ್ತಾನೆ. ಹೊಸಬರು ಕೇಳಿದರೆ ಕಂಡಕ್ಟರ್ ಹೇಳುವ ಕಥೆ ಇದು: "ಇಲ್ಲಿ ಒಬ್ಬ ಅಜ್ಜಯ್ಯನ ಗದ್ದುಗಿ ಐತ್ರಿ. ರಸ್ತಿ ಮಾಡಾಕ ಬಂದ ಇಂಗ್ಲಿಷ್ ದೊರಿ ಕನಸಿನಾಗ ಅಜ್ಜಯ್ಯ ಬಂದು, ನನ್ನ ತಲಿ ಮ್ಯಾಲೆ ಬರಬ್ಯಾಡ, ಬಳಸಿ ಹೋಗು ಅಂದನಂತ."

ಸುಳ್ಳು. ಹಸಿ ಸುಳ್ಳು. ಇಂಗ್ಲಿಷ್ ದೊರೆಗಳು ಗಂಟುಮೂಟೆ ಕಟ್ಟಿ ಇಪ್ಪತ್ತೆಂಟು ವರ್ಷವಾದ ಮೇಲೆ ಹುಟ್ಟಿದ ತಿರುವು ಅದು. ರಸ್ತೆ ಬಳಸಿ ಹೋದದ್ದು ಪಂಚಾಕ್ಷರಪ್ಪ ಗೌಡರ ಹುಣಸೆ ತೋಪನ್ನು. ತಲೆಯ ಮೇಲೆ ಹತ್ತಿ ಹೋದದ್ದು ನಮ್ಮ ಕೇರಿಯ ಸತ್ತವರನ್ನು. ಅವರಲ್ಲಿ ನನ್ನ ತಂಗಿ ಮಾಳಮ್ಮನೂ ಒಬ್ಬಳು. ದಡಾರ ಎದ್ದು ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಬಸ್ಸಿನಲ್ಲಿ ಎದ್ದು ನಿಂತು ಇದನ್ನು ಕೂಗಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಗರಿಬೊಮ್ಮನಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರ್ ಬಸ್ಸಿನಲ್ಲಿ ಕೂಗಾಡಬಾರದಲ್ಲ, ಅದಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಇನ್ನು ಕೂರುವುದಿಲ್ಲ.

ಈ ಹೆದ್ದಾರಿಗೆ ಒಂದು ಚರಿತ್ರೆ ಇದೆ. ನಮ್ಮ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಅದು ಬಂಡಿಯ ಜಾಡು. ಹರಪನಹಳ್ಳಿ ಸೀಮೆಯ ಅರಸೀಕೆರೆ, ಚಿಗಟೇರಿ ಕಡೆಯ ಶೇಂಗಾ, ಹತ್ತಿ ಅದೇ ಜಾಡಿನಲ್ಲಿ ಕೊಟ್ಟೂರಿನ ರೈಲು ಸ್ಟೇಷನ್ನಿಗೆ ಬರುತ್ತಿತ್ತು. ಮಳೆ ಬಂದರೆ ಎರೆಮಣ್ಣಿನಲ್ಲಿ ಗಾಲಿ ಹೂತು ಬಂಡಿ ನಿಂತುಬಿಡುತ್ತಿತ್ತು, ಆಗ ಹೆಗಲು ಕೊಡಲು ನಮ್ಮ ಕೇರಿಯವರಿಗೆ ಕೂಗು ಬರುತ್ತಿತ್ತು. ಆಮೇಲೆ ಗರಸು ಹಾಕಿದರು, ಹೊತ್ತವರು ನಮ್ಮವರು. ಆಮೇಲೆ ಜಲ್ಲಿ ಹಾಕಿದರು, ಒಡೆದವರು ನಮ್ಮ ಹೆಂಗಸರು. ನನ್ನ ಅಜ್ಜಿ ಪಕ್ಕೀರಮ್ಮನ ಎಡಗೈ ಹೆಬ್ಬೆರಳು ಆ ಜಲ್ಲಿಯಲ್ಲೇ ಜಜ್ಜಿ ಹೋಗಿತ್ತು. ಅವಳ ಹೆಸರನ್ನೇ ನನಗೆ ಇಟ್ಟಿದ್ದಾರೆ. ಕೂಡ್ಲಿಗಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ಮುಂದೆ ಎಲ್ಲಿಗಾದರೂ ಹೋಗಿ, ಆ ರಸ್ತೆಯ ಹೊಟ್ಟೆಯಲ್ಲಿ ನಮ್ಮವರ ಬೆವರಿಲ್ಲದ ಒಂದು ಗೇಣು ಜಾಗ ತೋರಿಸಿ ನೋಡೋಣ.

ಅಪ್ಪ ಉಚ್ಚಂಗೆಪ್ಪ ಅರವತ್ತೆಂಟರಲ್ಲಿ ರಸ್ತೆಯ ಗ್ಯಾಂಗಿಗೆ ಹಂಗಾಮಿ ಕೂಲಿಯಾಗಿ ಸೇರಿದ. ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯ ಮನುಷ್ಯ. ಗುಂಡಿ ಮುಚ್ಚುವುದು, ಮೋರಿ ಬಳಿಯುವುದು, ಮೈಲಿಗಲ್ಲಿಗೆ, ರಸ್ತೆ ಬದಿಯ ಮರಗಳಿಗೆ ಸುಣ್ಣ ಹಚ್ಚಿ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಅವನ ಕೆಲಸ. ಪಟ್ಟಿ ಎಳೆಯುವುದರಲ್ಲಿ ಅವನ ಕೈ ಅಂದರೆ ಕೈ. ಒಂದು ನೂಲಿನಷ್ಟೂ ಓರೆಯಾಗುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಗೌಡರ ತೋಪಿನ ಪಕ್ಕದಲ್ಲಿ ಉದ್ದಕ್ಕೆ ಪಟ್ಟಿಯಂತೆ ಬಿದ್ದಿದ್ದ ಖರಾಬು ನೆಲವೇ ನಮ್ಮ ಕೇರಿಯ ಮಣ್ಣಿನ ಜಾಗ. ತಲೆಯ ಕಡೆ ಒಂದು ಕಲ್ಲು ನಿಲ್ಲಿಸುತ್ತೇವೆ, ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಎಪ್ಪತ್ತನಾಲ್ಕರ ಹಿರಿಯರ ಅಮಾವಾಸ್ಯೆಗೆ ಅಪ್ಪ ಗ್ಯಾಂಗಿನಲ್ಲಿ ಮಿಕ್ಕಿದ್ದ ಎರಡು ಡಬ್ಬಿ ಸುಣ್ಣ, ಒಂದಿಷ್ಟು ಕೆಮ್ಮಣ್ಣು ತಂದ. ಅಜ್ಜಿಯ ಕಲ್ಲಿಗೆ, ಮಾಳಿಯ ಕಲ್ಲಿಗೆ ಹಚ್ಚಿ ಕೆಂಪು ಪಟ್ಟಿ ಎಳೆದ. ನೋಡಿದವರು ನಮ್ಮವರಿಗೂ ಹಚ್ಚು ಅಂದರು. ಹೀಗೆ ಒಂಬತ್ತು ಮನೆಯ ಒಂಬತ್ತು ಕಲ್ಲುಗಳು ಮೈಲಿಗಲ್ಲಿನಷ್ಟು ಬೆಳ್ಳಗೆ ಸಾಲಾಗಿ ನಿಂತವು. ನಮ್ಮ ಸತ್ತವರಿಗೂ ಸರಕಾರದ ಮರ್ಯಾದೆ ಸಿಕ್ಕಿತೆಂದು ಕೇರಿಗೆ ಕೇರಿಯೇ ಹಿಗ್ಗಿತು. ಅದೇ ನಾವು ಮಾಡಿದ ತಪ್ಪು.

ಮರುವರ್ಷ ಜಲ್ಲಿ ರಸ್ತೆಯನ್ನು ಹೆದ್ದಾರಿ ಮಾಡಲು ಸರ್ವೆ ಬಂತು. ಹಳೆಯ ಜಾಡು ಊರೊಳಗೆ ಹಾದು ಹೋಗುತ್ತಿತ್ತು. ಹೊಸ ದಾರಿಯನ್ನು ಊರ ಹೊರಗೆ ನೇರವಾಗಿ, ಗೌಡರ ಹುಣಸೆ ತೋಪಿನ ನಡುವೆ ಗುರುತು ಮಾಡಿದರು. ಕಲ್ಲು ನೆಟ್ಟು, ಸುಣ್ಣ ಬಳಿದು, ಕೆಮ್ಮಣ್ಣು ಹಚ್ಚಿ ಹೋದರು. ಒಂದು ವಾರದಲ್ಲಿ ತೋಪಿನೊಳಗಿನ ಕಲ್ಲುಗಳು ಮಾಯವಾದವು. ಆಮೇಲೆ ಕಂಟ್ರಾಕ್ಟರನ ಮೇಸ್ತ್ರಿ ಮೈಲಾರಲಿಂಗಪ್ಪ ಆಳುಗಳನ್ನು ಕರೆದುಕೊಂಡು ಬಂದು ಕಲ್ಲು ಹುಡುಕಿ ಹುಡುಕಿ ಸಾಕಾಗಿ ನಿಂತಾಗ, ಪಂಚಾಕ್ಷರಪ್ಪ ಗೌಡರು ಬದುವಿನ ಮೇಲೆ ನಿಂತು ಚಹಾ ತರಿಸಿ ಕೊಟ್ಟು, ಬೆರಳು ಮಾಡಿ ತೋರಿಸಿದರಂತೆ: "ಅಗಾ, ಸುಣ್ಣ ಹಚ್ಚಿದ್ದು ಸಾಲಾಗಿ ಕಾಣ್ತಾವಲ್ಲ, ಅವ ನೋಡಪಾ."

ಆ ಕಲ್ಲುಗಳು ಏನೆಂದು ಗೌಡರಿಗೆ ಗೊತ್ತಿರಲಿಲ್ಲವೆ? ಮಾಳಿಯನ್ನು ಮಣ್ಣು ಮಾಡಿದ ದಿನ ಅದೇ ಬದುವಿನ ಮೇಲೆ ನಿಂತು, "ಗುಂಡಿ ನಮ್ಮ ಬದುವಿನ ಕಡೆ ಬರಬಾರದು ನೋಡ್ರಿ" ಎಂದು ತಾಕೀತು ಮಾಡಿದವರು ಅವರೇ. ಮೇಲುಸ್ತುವಾರಿಯ ಓವರ್‌ಸಿಯರ್ ಆ ವಾರ ಕೆಲಸದ ಕಡೆ ತಲೆ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂಬುದನ್ನು ಗೌಡರ ಮನೆಯ ಊಟದ ಎಲೆಯೇ ಹೇಳಬೇಕು.

ಅಪ್ಪನನ್ನು ಆ ವಾರ ಚಿಗಟೇರಿ ಕಡೆಯ ಮೋರಿ ಕೆಲಸಕ್ಕೆ ಕಳಿಸಿದ್ದರು. ಕೇರಿಯವರೆಲ್ಲ ಶೇಂಗಾ ಕೀಳಲು ಹೋಗಿದ್ದರು. ಹೊಲದಲ್ಲಿದ್ದ ಅವ್ವನಿಗೆ ಸುದ್ದಿ ಮುಟ್ಟಿ ಅವಳು ಓಡಿ ಬರುವ ಹೊತ್ತಿಗೆ ಕಲ್ಲುಗಳನ್ನು ಕಿತ್ತು, ಗೋರಿಗಳನ್ನು ಸಮ ಮಾಡಿ, ಗರಸು ಸುರಿದು, ರೋಲರ್ ಎರಡು ಸುತ್ತು ಹೊಡೆದಾಗಿತ್ತು. ನಾನೂ ಅವಳ ಹಿಂದೆಯೇ ಓಡಿದ್ದೆ. ನನಗೆ ಹನ್ನೆರಡು. ಅವ್ವ ಗಾಳೆಮ್ಮ ರೋಲರಿನ ಮುಂದೆ ಕಾಲು ಚಾಚಿ ಕೂತುಬಿಟ್ಟಳು.

"ನನ್ನ ಮಗಳ ಎದಿ ಮ್ಯಾಲೆ ಗಾಡಿ ಹಾಯಿಸ್ತೀಯೇನಲೇ? ನನ್ನ ಮ್ಯಾಲೂ ಹಾಯಿಸು, ಬಾ!"

ಮೇಸ್ತ್ರಿ ಕೆಟ್ಟವನಲ್ಲ, ನಿಜಕ್ಕೂ ಗಾಬರಿಯಾಗಿದ್ದ. "ಯವ್ವಾ, ಇವು ಸರ್ವೆ ಕಲ್ಲು ಅದಾವ. ಗೋರಿಗೆ ಯಾರರ ಸರಕಾರದ ಸುಣ್ಣ, ಕೆಮ್ಮಣ್ಣು ಪಟ್ಟಿ ಹಾಕ್ತಾರೇನು?"

ಮೂರನೆಯ ದಿನ ಇಂಜಿನಿಯರು ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಅಪ್ಪನೂ ಬಂದಿದ್ದ. ಕಿತ್ತ ಕಲ್ಲುಗಳು ರಸ್ತೆ ಬದಿಗೆ ರಾಶಿ ಬಿದ್ದಿದ್ದವು. ಇಂಜಿನಿಯರು ಒಂದೊಂದನ್ನೂ ಬೂಟುಗಾಲಿನಲ್ಲಿ ಹೊರಳಿಸಿ ನೋಡಿ ಕೇಳಿದರು. "ಇದು ನಮ್ಮ ಇಲಾಖೆ ಸುಣ್ಣ. ಪಟ್ಟಿನೂ ನಮ್ಮದೇ. ಇವು ಗೋರಿ ಕಲ್ಲಾದರೆ ಇದನ್ನು ಹಚ್ಚಿದವರು ಯಾರು?"

ಇಡೀ ಕೇರಿ ಅಪ್ಪನ ಮುಖ ನೋಡಿತು. ಅವನನ್ನು ಕಾಯಂ ಮಾಡುವ ಆರ್ಡರ್ ಅದೇ ತಿಂಗಳು ಆಗುವುದಿತ್ತು. ಹಚ್ಚಿದವನು ನಾನು ಅಂದರೆ ಸರಕಾರದ ಸುಣ್ಣ ಕದ್ದವನು ಎಂದಾಗಿ ಕೆಲಸ ಹೋಗುತ್ತಿತ್ತು. ಅವನು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಗೊತ್ತಿಲ್ರಿ ಸಾಹೇಬ್ರ," ಅಂದ.

ಅಷ್ಟೇ. ಗೋರಿ ಎಂಬುದಕ್ಕೆ ಆಧಾರವಿಲ್ಲ ಎಂದು ಬರೆದುಕೊಂಡು ಜೀಪು ಹೋಯಿತು. ಡಾಂಬರು ಬಿತ್ತು. ಅಪ್ಪ ಕಾಯಂ ಆದ. ಆ ಸಂಬಳದಲ್ಲಿ ನಾನು ಕೊಟ್ಟೂರಿನಲ್ಲಿ ಓದಿದೆ, ಟೀಚರ್ ಆದೆ. ಗೌಡರ ಮೇಲೆ ನನಗಿರುವ ಸಿಟ್ಟು ಸುಲಭದ ಸಿಟ್ಟು, ಅವರ ಹೆಸರು ಹೇಳಿ ಉಗುಳಿದರೆ ಮುಗಿಯಿತು. ಅಪ್ಪನ ಮೇಲಿನದು ಹಾಗಲ್ಲ. ನಾನು ಉಟ್ಟ ಸೀರೆ, ಹಿಡಿದ ಪುಸ್ತಕ, ಎಲ್ಲವೂ ಆ ಒಂದು "ಗೊತ್ತಿಲ್ರಿ"ಯಿಂದ ಬಂದದ್ದು. ಬೈಯಲು ಹೋದರೆ ಬಾಯಿಗೆ ಅವನದೇ ಅನ್ನ ಸಿಗುತ್ತಿತ್ತು.

ಅವ್ವ ಬೈಯಲಿಲ್ಲ. ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ನೀರು ಕಾಯಿಸುತ್ತಿದ್ದಳು, ಆದರೆ ಹನ್ನೊಂದು ವರ್ಷ ಅವನ ಜೊತೆ ಒಂದು ಮಾತಾಡಲಿಲ್ಲ. ಪ್ರತಿ ಅಮಾವಾಸ್ಯೆಗೆ ಹೋಗಿ ಡಾಂಬರಿನ ಅಂಚಿನಲ್ಲಿ ಎಡೆ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ಬರುತ್ತಿದ್ದಳು. ಅದನ್ನು ಕಂಡ ಲಾರಿ ಡ್ರೈವರುಗಳು ಇಲ್ಲಿ ಯಾವುದೋ ಶಕ್ತಿ ಇದೆ ಎಂದುಕೊಂಡು ಪೈಸೆ ಎಸೆಯತೊಡಗಿದರು. ಅಜ್ಜಯ್ಯ ಹುಟ್ಟಿದ್ದು ಹೀಗೆ. ನನ್ನ ಅವ್ವನ ಎಡೆಯಿಂದ.

ಹುಟ್ಟಿದ ಅಜ್ಜಯ್ಯನನ್ನು ಸಾಕಿಕೊಂಡವರು ಪಂಚಾಕ್ಷರಪ್ಪ ಗೌಡರು. ಎಂಬತ್ತಾರರಲ್ಲಿ ಹೆದ್ದಾರಿಯನ್ನು ಅಗಲ ಮಾಡಿದಾಗ, ಅವ್ವ ಎಡೆ ಇಡುತ್ತಿದ್ದ ಜಾಗದಲ್ಲೇ ಒಂದು ಕಟ್ಟೆ ಕಟ್ಟಿಸಿ, ಹುಂಡಿ ಇಡಿಸಿ, ರಸ್ತೆಯ ಉದ್ಘಾಟನೆಯ ದಿನವೇ ಅದರ ಪೂಜೆಯನ್ನೂ ಇಟ್ಟುಕೊಂಡರು. ಅವ್ವ ಹಿಂದಿನ ದಿನ ಹೋಗಿ ಕೇಳಿದಳು. "ನಾನು ಎಡಿ ಎಲ್ಲಿ ಇಡ್ಲಿರಿ ಗೌಡ್ರ?"

"ಕಟ್ಟಿ ಮುಟ್ಟಬ್ಯಾಡ. ಆಚಿ ದೂರ ನಿಂತು ಕೈ ಮುಗುದು ಹೋಗು. ಅಜ್ಜಯ್ಯಗ ಎಲ್ಲಾ ಮುಟ್ತೈತಿ," ಅಂದರಂತೆ.

ಅವ್ವ ಮನೆಗೆ ಬಂದು ಈ ಮಾತನ್ನು ನನಗೆ ಹೇಳಿದಳು. ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಅವನ ನೌಕರಿ ಇನ್ನು ನಾಲ್ಕು ದಿನ ಉಳಿದಿತ್ತು. ಮರುದಿನ ಕಟ್ಟೆಗೆ ಸುಣ್ಣ ಹಚ್ಚಿ ಪಟ್ಟಿ ಎಳೆಯುವ ಕೆಲಸ ಅವನಿಗೇ ಬಂದಿತ್ತು.

"ಹೋಗ್ತೀಯೇನಪ್ಪಾ? ಹೋಗಿ ಹಚ್ಚು. ಚಂದ ಹಚ್ಚು. ಮಾಳಿ ಎಡಿ ಮ್ಯಾಲಿನ ಕಟ್ಟಿ ಐತಿ, ಪಟ್ಟಿ ಓರಿ ಆಗಬಾರದು," ಅಂದೆ. ಅವತ್ತು ಬಾಯಿಗೆ ಅನ್ನ ಅಡ್ಡ ಬರಲಿಲ್ಲ.

ಬೆಳಿಗ್ಗೆ ಶಾಮಿಯಾನ ಹಾಕಿದ್ದರು, ಮೈಕು ಕಿರುಚುತ್ತಿತ್ತು. ಬೇರೆ ಇಂಜಿನಿಯರು, ವಯಸ್ಸಿನವರು, ಕುರ್ಚಿಯಲ್ಲಿ ಕೂತಿದ್ದರು. ಗೌಡರು ಜರಿಯ ರುಮಾಲು ಸುತ್ತಿ ಓಡಾಡುತ್ತಿದ್ದರು. ಕೇರಿಯವರು, ನಾನು, ಅವ್ವ ರಸ್ತೆಯ ಆಚೆ ಬದಿಗೆ ನಿಂತಿದ್ದೆವು. ಅಪ್ಪ ಸುಣ್ಣದ ಬಕೆಟ್ಟು, ಕೆಮ್ಮಣ್ಣಿನ ಡಬ್ಬಿ, ಕುಂಚ ಹಿಡಿದು ಬಂದ. ಕಟ್ಟೆಯ ಹತ್ತಿರ ಹೋಗಲಿಲ್ಲ. ಹಿಂದಕ್ಕೆ ನಡೆದು ಮೋರಿಯ ಹತ್ತಿರ ನಿಂತು, ಅಲ್ಲಿಂದ ಹೆಜ್ಜೆ ಎಣಿಸುತ್ತ ಬಂದ. ಹದಿನೆಂಟು ವರ್ಷ ರಸ್ತೆಯನ್ನು ಹೆಜ್ಜೆಯಲ್ಲೇ ಅಳೆದ ಮನುಷ್ಯ. ಹೊಸ ಡಾಂಬರಿನ ಮೇಲೆ ಕೂತು, ಕಲ್ಲಿನ ಅಗಲಕ್ಕೆ ಒಂದು ಬಿಳಿ ಚೌಕ ಬಳಿದು, ಬುಡಕ್ಕೆ ಕೆಂಪು ಪಟ್ಟಿ ಎಳೆದ.

"ಇದು ನಮ್ಮ ಚಿಗಪ್ಪ ಹುಲುಗಪ್ಪ," ಎಂದು ಗಟ್ಟಿಯಾಗಿ ಹೇಳಿದ. ಮತ್ತೆ ಹೆಜ್ಜೆ ಎಣಿಸಿದ. "ಇದು ಬೊಮ್ಮಯ್ಯ." ಮತ್ತೆ ಎಣಿಸಿದ. "ಇದು ನಮ್ಮವ್ವ ಪಕ್ಕೀರಮ್ಮ."

ಮೈಕು ನಿಂತಿತು. ಇಂಜಿನಿಯರು ಎದ್ದು ಬಂದರು. "ಏನಯ್ಯಾ ಇದು? ಯಾರು ಹೇಳಿದರು ನಿನಗೆ ಇಲ್ಲಿ ಹಚ್ಚು ಅಂತ?"

ಅಪ್ಪ ಕೂತಲ್ಲಿಂದಲೇ ಹೇಳಿದ. "ಎಪ್ಪತ್ತೈದರಾಗ ನಿಮ್ಮಂಥವರ ಒಬ್ಬರು ಇಲ್ಲೇ ನಿಂತು ಕೇಳಿದ್ರು ಸಾಹೇಬ್ರ, ಸುಣ್ಣ ಹಚ್ಚಿದೋರು ಯಾರು ಅಂತ. ನಾನು ಹಚ್ಚಿದ್ದೆ. ಸರಕಾರದ ಸುಣ್ಣ, ಎರಡು ಡಬ್ಬಿ. ಗೋರಿಗೆ ಹಚ್ಚಿದ್ದೆ. ಇವತ್ತ ಹೇಳಾಕ ಹತ್ತೀನಿ, ಬರಕೊಳ್ರಿ."

ಗೌಡರು ನಕ್ಕರು. "ಗೊತ್ತಿಲ್ಲ ಅಂದೋನೂ ನೀನ ಅಲ್ಲೇನಲೇ ಉಚ್ಚಂಗಿ?"

"ಹೌದ್ರಿ. ಸುಳ್ಳು ಹೇಳಿದೆ. ನಂದು ನಾನು ಒಪ್ಪಿಕೊಂಡೆ. ನಿಮ್ಮ ತೋಪಿನಾಗಿನ ಸರ್ವೆ ಕಲ್ಲು ಎಲ್ಲಿ ಹೋದ್ವು, ನೀವೂ ಹೇಳಿಬಿಡ್ರಿ. ನಿಮ್ಮ ಬಾವಿ ಹತ್ರ ಅರಬಿ ಒಗಿಯೋ ಕಲ್ಲು ಯಾವುದು ಅಂತ ಊರಿಗೆಲ್ಲ ಗೊತ್ತೈತಿ."

ಗೌಡರ ನಗು ಹಾಗೇ ನಿಂತಿತು. ಅಪ್ಪ ಮತ್ತೆ ಹೆಜ್ಜೆ ಎಣಿಸಿದ. ಎಂಟನೆಯದು ಮುಗಿಸಿ ಒಂಬತ್ತನೆಯದಕ್ಕೆ ಬಂದ. ಕುಂಚ ಊರಿದ.

"ಅಲ್ಲಲ್ಲ," ಅಂದಳು ಅವ್ವ. ಹನ್ನೊಂದು ವರ್ಷದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು. "ಇನ್ನೊಂದು ಮಾರು ಈಚಿಗಿ. ಮಾಳಿ ಇಲ್ಲಿ ಅದಾಳ." ಹೋಗಿ ಆ ಜಾಗದಲ್ಲಿ ಅಂಗೈ ಊರಿ ಕೂತಳು. ಅಪ್ಪ ಅವಳ ಕೈಯ ಸುತ್ತ ಸುಣ್ಣ ಬಳಿದ.

ಆಮೇಲೆ ಏನಾಯಿತು ಕೇಳಿ. ಹನ್ನೆರಡು ಸರ್ವೆ ಕಲ್ಲುಗಳು ಎಲ್ಲಿ ಹೋದವೆಂದು ಒಂದು ಕಾಗದ ಬರೆಯದ ಇಲಾಖೆ, ಎರಡು ಡಬ್ಬಿ ಸುಣ್ಣಕ್ಕೆ ವಿಚಾರಣೆ ನಡೆಸಿತು. ಒಂದೂವರೆ ವರ್ಷ ಅಪ್ಪನ ಪಿಂಚಣಿ ತಡೆ ಹಿಡಿದರು. ಗೌಡರ ಕಟ್ಟೆಯೂ ಇದೆ, ಹುಂಡಿಯೂ ಇದೆ, ಕಂಡಕ್ಟರನ ಕಥೆಯೂ ಇದೆ. ಟೈರುಗಳಿಗೆ ಸುಣ್ಣ ಅಳಿಸಿ ಹೋಗುತ್ತದೆ. ಅಮಾವಾಸ್ಯೆಗೆ ಅಪ್ಪ ಕೊಟ್ಟೂರು ಸಂತೆಯಲ್ಲಿ ಸ್ವಂತ ಸುಣ್ಣ ಕೊಂಡು ತಂದು ಮತ್ತೆ ಬಳಿಯುತ್ತಾನೆ, ಅವ್ವ ಕೆಂಪು ಬಟ್ಟೆ ಬೀಸುತ್ತ ಗಾಡಿಗಳನ್ನು ನಿಲ್ಲಿಸುತ್ತಾಳೆ.

ಹೋದ ಅಮಾವಾಸ್ಯೆಗೆ ನಾನೂ ಅಲ್ಲಿದ್ದೆ. ಬಸ್ಸೊಂದು ನಿಧಾನ ಮಾಡಿತು, ಡ್ರೈವರ್ ಕೈ ಮುಗಿದು ಎಂದಿನಂತೆ ಹತ್ತು ಪೈಸೆ ಎಸೆದ. ಅದು ಉರುಳಿ ಬಂದು ಹಸಿ ಸುಣ್ಣದಲ್ಲಿ, ಮಾಳಿಯ ಚೌಕದಲ್ಲಿ ಬಿತ್ತು. ಅವ್ವ ಅದನ್ನು ಹೆಕ್ಕಿ, ನಾಲ್ಕು ಹೆಜ್ಜೆ ಓಡಿ, ಬಸ್ಸಿನ ಹಿಂಭಾಗಕ್ಕೆ ಠಣ್ಣೆಂದು ಎಸೆದಳು.

"ಇಲ್ಲಿ ಯಾವ ಅಜ್ಜಯ್ಯನೂ ಇಲ್ಲಲೇ! ನನ್ನ ಮಗಳು ಅದಾಳ! ರೊಕ್ಕ ಬ್ಯಾಡ, ಬಳಸಿ ಹೋಗು!"

ಬಸ್ಸಿನ ಕಿಟಕಿಯಿಂದ ಒಂದಿಬ್ಬರು ತಿರುಗಿ ನೋಡಿದರು. ನಾನು ರಸ್ತೆಯ ನಡುವೆ ನಿಂತು, ಟೀಚರ್ ಎಂಬುದನ್ನು ಮರೆತು, ಅದೇ ಮಾತನ್ನು ಅವಳಿಗಿಂತ ಜೋರಾಗಿ ಕೂಗಿದೆ.